ಡೆಲ್ಮರ್ ಕ್ರೌಸರ ಪಟ್ಟು ಮತ್ತು ಪಟ್ಟಿ

ಅಕ್ಟೋಬರ್ ತಿಂಗಳ ಎರಡನೇ ಶನಿವಾರ, ಮಧ್ಯಾಹ್ನ ಎರಡೂವರೆ ಗಂಟೆಗೆ, ಕ್ಯಾನ್ಸಸ್ಸಿನ ಹಾರ್ಲನ್ ಕ್ರೀಕ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಮೈದಾನದ ಅಂಚಿನಲ್ಲಿ ನಿಂತಿದ್ದ ಡೆಲ್ಮರ್ ಕ್ರೌಸ್ ಅವರ ಪ್ಯಾಂಟು ಕಳಚಿ ಪಾದದ ಮೇಲೆ ಬಿತ್ತು. ಊರಿಗೆ ಊರೇ ನೋಡಿತು. ಊರೆಂದರೆ ಆ ದಿನ ನಾನೂರು ಜನ, ಮೇಲೆ ಬ್ಯಾಂಡಿನವರು. ಇಡೀ ತಂಡದ ರಕ್ಷಣೆಯ ಹೊಣೆ ಹೊತ್ತ ಕೋಚ್‌ಗೆ ಮಾನರಕ್ಷಣೆಯೊಂದೇ ಕೈಕೊಟ್ಟಿತು.

ತಪ್ಪು ಆರ್ಡಿತ್ ವೀಬ್‌ಳದು. ಆಕೆ ಹತ್ತೊಂಬತ್ತು ವರ್ಷಗಳಿಂದ ತಂಡದ ಜೆರ್ಸಿಗಳನ್ನು ಒಗೆದು ಒಣಗಿಸುವ ಕೋಣೆಯ ಯಜಮಾನಿ. ಆಟದ ದಿನ ಮಾತ್ರ ಇನ್ನೊಂದು ಕೆಲಸ: ಡೆಲ್ಮರ್ ಹಿಂದೆ ನಿಂತು ಅವರ ಬೆಲ್ಟು ಹಿಡಿದುಕೊಳ್ಳುವುದು. ಆಟದ ಕಾವಿನಲ್ಲಿ ಕೋಚ್ ಗೆರೆ ದಾಟಿ ಮೈದಾನಕ್ಕೆ ನುಗ್ಗಿದರೆ ತಂಡಕ್ಕೆ ದಂಡ ಬೀಳುತ್ತದೆ. ಹಾಗಾಗಿ ಪ್ರತಿ ತಂಡದಲ್ಲೂ ಕೋಚ್‌ನನ್ನು ಹಿಂದಕ್ಕೆ ಎಳೆಯುವವರು ಒಬ್ಬರು ಇರಲೇಬೇಕು. ದೊಡ್ಡ ಕಾಲೇಜುಗಳಲ್ಲಿ ಅದಕ್ಕೆ ಪೈಲ್ವಾನನಂಥ ಆಳು; ನಮ್ಮಲ್ಲಿ ಆರ್ಡಿತ್. ದನದ ಹಟ್ಟಿಯಲ್ಲಿ ಬೆಳೆದವಳು, ಹೆರಿಗೆಯಲ್ಲಿ ಸಿಕ್ಕಿಕೊಂಡ ಕರುಗಳನ್ನು ಎಳೆದು ತೆಗೆದ ಕೈ. ಅವತ್ತು ಎಳೆತದ ಅಂದಾಜು ತಪ್ಪಿತು. ಬೆಲ್ಟು ಆಕೆಯ ಕೈಗೆ ಬಂತು, ಪ್ಯಾಂಟು ನೆಲಕ್ಕೆ ಹೋಯಿತು.

ಡೆಲ್ಮರ್ ಬಗ್ಗಲಿಲ್ಲ. ಅವರ ಎರಡೂ ಮುಷ್ಟಿ ಆಗ ಆಕಾಶದಲ್ಲಿದ್ದವು. ಎರಡು ಮುಷ್ಟಿ ಎತ್ತಿದರೆ ಮುಂಸಾಲಿನಲ್ಲಿ ನಾಲ್ವರು ನಿಂತು ನುಗ್ಗಬೇಕು ಎಂದು ಹುಡುಗರಿಗೆ ಸನ್ನೆ. ಒಂದೇ ಮುಷ್ಟಿಯಾದರೆ ಮೂವರೇ ನುಗ್ಗಿ, ನಾಲ್ಕನೆಯವನು ಹಿಂದೆ ಸರಿದು ಎದುರಾಳಿ ಕೈಯಿಂದ ಎಸೆಯುವ ಚೆಂಡನ್ನು ತಡೆಯಬೇಕು. ಚೆಂಡು ಅಲ್ಲಾಡುವ ತನಕ ಅವರು ಕೆಂಪು ಉಣ್ಣೆಯ ಒಳಚಡ್ಡಿಯಲ್ಲಿ, ಎರಡೂ ಕೈ ಎತ್ತಿಕೊಂಡು, ಶರಣಾದ ಸೇನಾಪತಿಯ ಹಾಗೆ ನಿಂತೇ ಇದ್ದರು. ಆಮೇಲೆ ನಿಧಾನವಾಗಿ ಬಗ್ಗಿ ಪ್ಯಾಂಟು ಎತ್ತಿಕೊಂಡರು. ಕಾಲೇಜಿನ ಪತ್ರಿಕೆ ಆ ಚಿತ್ರವನ್ನು ಮುಖಪುಟದಲ್ಲಿ ಹಾಕಿತು. ಆಟದ ಫಲಿತಾಂಶ ಒಳಪುಟಕ್ಕೆ ಹೋಯಿತು, ಅದೂ ಒಳ್ಳೆಯದೇ ಆಯಿತು: ನಾವು ಮೂರು, ಅವರು ಐವತ್ತೆರಡು.

"ಮೊದ್ಲು ಪ್ಯಾಂಟು ಎತ್ಕೋಬಾರ್ದಿತ್ತಾ ನೀನು?" ಎಂದು ಆರ್ಡಿತ್ ಸಂಜೆ ಕೇಳಿದಳು.

"ಹುಡುಗ್ರು ನನ್ನ ಕೈ ನೋಡ್ತಿದ್ರು, ಆರ್ಡಿತ್. ಕಾಲನ್ನಲ್ಲ."

ಡೆಲ್ಮರ್ ಹಾಗೆಯೇ. ಅರವತ್ಮೂರು ವರ್ಷ. ಹೈಸ್ಕೂಲಿನಲ್ಲಿ ಮಕ್ಕಳಿಗೆ ಕಾರು ಓಡಿಸಲು ಕಲಿಸುವ ಮೇಷ್ಟರು. ಅರ್ಧ ಊರಿಗೆ ಬ್ರೇಕು ತುಳಿಯುವುದನ್ನು ಹೇಳಿಕೊಟ್ಟದ್ದು ಅವರೇ. ಎದುರಾಳಿಗೆ ಬ್ರೇಕು ಹಾಕುವುದನ್ನು ಕಾಲೇಜಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಹೇಳಿಕೊಡುತ್ತಿದ್ದಾರೆ. ಅವರಿಗೊಂದು ಆಫೀಸು ಇದೆ, ಅಲ್ಲಿ ಕೂತದ್ದನ್ನು ಕಂಡವರಿಲ್ಲ. ಚಳಿ ಶುರುವಾದರೆ ಆರ್ಡಿತ್‌ಳ ಕೋಣೆಯೇ ಅವರ ದರ್ಬಾರು. ಒಣಗಿಸುವ ಯಂತ್ರಗಳ ಬಿಸಿಗೆ ಬೆನ್ನು ಕೊಟ್ಟು, ಬಟ್ಟೆ ಒಣಹಾಕುವ ಹಗ್ಗದ ಮೇಲೆ ತಂಡ ಕಟ್ಟುತ್ತಾರೆ. ಒಬ್ಬೊಬ್ಬ ಹುಡುಗನ ಹೆಸರು ಬರೆದ ಒಂದೊಂದು ಮರದ ಕ್ಲಿಪ್ಪು. ಆಡಬಲ್ಲವರು ಕೆಳಗಿನ ಹಗ್ಗದಲ್ಲಿ, ಪೆಟ್ಟಾದವರು ಮೇಲಿನ ಹಗ್ಗದಲ್ಲಿ. ಆಗಸ್ಟಿನಲ್ಲಿ ಕೆಳಗೆ ನಲವತ್ತೆರಡು ಕ್ಲಿಪ್ಪು ಇದ್ದವು. ಅಕ್ಟೋಬರ್ ಮುಗಿಯುವ ಹೊತ್ತಿಗೆ ಇಪ್ಪತ್ತಾರು. ತಂಡ ಸಾಲುಸಾಲಾಗಿ ಸೋಲುತ್ತಿತ್ತು, ಮುಂಸಾಲಿಗೆ ಜನವೇ ಸಾಲದು. ಓದು ಮುಗಿಸಿ ಹೋದ ಹುಡುಗರ ಕ್ಲಿಪ್ಪುಗಳನ್ನೂ ಅವರು ಎಸೆಯುವುದಿಲ್ಲ. ಕಾಫಿ ಡಬ್ಬಿಗಳಲ್ಲಿ ತುಂಬಿಟ್ಟಿದ್ದಾರೆ. ಆರ್ಡಿತ್ ಕೆಲವೊಮ್ಮೆ ಪರೀಕ್ಷೆಗೆಂದು ಕಣ್ಣು ಮುಚ್ಚಿ ಒಂದನ್ನು ತೆಗೆದು ಹೆಸರು ಓದುತ್ತಾಳೆ. ಯಾವ ಮಂಡಿ ನೋಯುತ್ತಿತ್ತು, ತಾಯಿಯ ಹೆಸರೇನು, ಈಗ ಎಲ್ಲಿ ಯಾವ ಟ್ರಾಕ್ಟರು ರಿಪೇರಿ ಮಾಡುತ್ತಿದ್ದಾನೆ, ಎಲ್ಲ ಡೆಲ್ಮರ್ ಹೇಳುತ್ತಾರೆ. ಆಕೆ ಇದುವರೆಗೆ ಒಮ್ಮೆಯೂ ಗೆದ್ದಿಲ್ಲ.

ಮುಖ್ಯ ಕೋಚ್ ಟ್ರೆಂಟ್ ಮಹೋನಿಗೆ ಮೂವತ್ತನಾಲ್ಕು. ಒಳ್ಳೆಯವನು, ಲ್ಯಾಪ್‌ಟಾಪ್ ಇಲ್ಲದೆ ಊಟಕ್ಕೂ ಕೂರದವನು. ಎಂಟನೇ ಸೋಲಿನ ಮರುದಿನ ಅವನು ಒಗೆಯುವ ಕೋಣೆಗೆ ಬಂದ. ಮುಂಸಾಲಿನಲ್ಲಿ ಆಡಬಲ್ಲವರು ಮೂವರೇ ಉಳಿದಿದ್ದಾರೆ, ಎಲ್ಲ ತಂಡಗಳೂ ನಮ್ಮ ಮೇಲೆ ಎಸೆತದಿಂದಲೇ ಗೆಲ್ಲುತ್ತಿವೆ, ಮೂರರ ಸಾಲಿಗೆ ಬದಲಾಗೋಣ ಎಂದು ಅಂಕಿಅಂಶ ಸಮೇತ ವಿವರಿಸಿ, ಹಿಂಸಾಲಿನಿಂದ ಎರವಲು ತಂದಿದ್ದ ನಾಲ್ಕನೇ ಕ್ಲಿಪ್ಪನ್ನು ತಾನೇ ತೆಗೆದ. ಡೆಲ್ಮರ್ ಅದನ್ನು ಅವನ ಕೈಯಿಂದ ಇಸಿದುಕೊಂಡು ಮತ್ತೆ ಹಗ್ಗಕ್ಕೆ ಸಿಗಿಸಿದರು.

"ನಾಲ್ಕು ಜನ ಇದ್ರೆ ನಡುವಿನವ್ರಿಬ್ರು ಒಬ್ರಿಗೊಬ್ರು ಇರ್ತಾರೆ. ಮೂರು ಮಾಡಿದ್ರೆ ನಡುವಿನೋನು ಒಂಟಿ. ಅವನನ್ನ ಇಬ್ರು ಸೇರ್ಕೊಂಡು ಚಚ್ತಾರೆ. ಆ ಹುಡುಗನ ಅಮ್ಮಂಗೆ ನೀನು ಫೋನ್ ಮಾಡ್ತೀಯೇನಪ್ಪಾ?"

ಟ್ರೆಂಟ್ ಫೋನ್ ಮಾಡುವವನಲ್ಲ, ಮೆಸೇಜು ಕಳಿಸುವವನು. ಆದರೆ ಅವನ ತಲೆಯ ಮೇಲೂ ಒಬ್ಬರಿದ್ದರು. ಹೋಗುವ ಮುಂಚೆ ನೆಲ ನೋಡುತ್ತ ಹೇಳಿದ: ಆಡಳಿತ ಮಂಡಳಿ ತೀರ್ಮಾನ ಮಾಡಿಬಿಟ್ಟಿದೆ. ಕೊನೆಯ ಆಟದಲ್ಲೂ ಎದುರಾಳಿ ನಲವತ್ತು ದಾಟಿದರೆ ಮುಂದಿನ ವರ್ಷ ರಕ್ಷಣೆಗೆ ಹೊಸ ಕೋಚ್ ಬರುತ್ತಾರೆ. ಡೆಲ್ಮರ್ ಸರಿ ಎಂದರು. ಟ್ರೆಂಟ್ ಮಾತಿಗೆ ಬೆಲೆ ಕೊಟ್ಟು ಹುಡುಗರಿಗೆ ಒಂದು ಮುಷ್ಟಿಯ ಆಟವನ್ನೂ ತಪ್ಪದೆ ಅಭ್ಯಾಸ ಮಾಡಿಸಿದರು. ಆದರೂ ಒಂಬತ್ತನೇ ಆಟದಲ್ಲಿ ಎರಡು ಮುಷ್ಟಿಯನ್ನೇ ಎತ್ತಿದರು, ಎದುರಾಳಿಗೆ ನಲವತ್ತೈದು ಬಿಟ್ಟುಕೊಟ್ಟು ಸೋತರು. ಆರ್ಡಿತ್ ಅವತ್ತು ಜೆರ್ಸಿ ಒಗೆಯುವಾಗ ಸೋಪು ಹಾಕುವುದನ್ನೇ ಮರೆತಳು. ಆ ಕಾಫಿ ಡಬ್ಬಿಗಳನ್ನು ಹೊಸಬನೊಬ್ಬ ಬಂದು ಕಸಕ್ಕೆ ಹಾಕುವುದು ಕಣ್ಣಿಗೆ ಕಟ್ಟಿದಂತಾಗಿತ್ತು.

ಕೊನೆಯ ಆಟಕ್ಕೆ ಸರಿಯಾದ ನಾಲ್ಕನೆಯವನನ್ನು ಡೆಲ್ಮರ್ ಹುಡುಕಿದ್ದು ಬ್ಯಾಂಡಿನಲ್ಲಿ. ಓಟಿಸ್ ಪೆನ್ನರ್ ಎಂಬ ಹುಡುಗ, ಮೈಗೆ ಸುತ್ತಿಕೊಂಡು ಊದುವ ದೊಡ್ಡ ಹಿತ್ತಾಳೆ ಕಹಳೆ ಟ್ಯೂಬಾ ನುಡಿಸುತ್ತಿದ್ದ. ಮೂರು ಜನರ ಅಗಲ, ಓಡಲು ಹೇಳಿದರೆ ಯೋಚಿಸುವ ಸ್ವಭಾವ. ಫುಟ್‌ಬಾಲ್ ಆಡಿದ ಅನುಭವ ಇದೆಯೇ ಎಂದು ಕೇಳಿದ್ದಕ್ಕೆ, ಒಂಬತ್ತು ಆಟಗಳನ್ನೂ ಹತ್ತಿರದಿಂದ ಅತ್ತುಕೊಂಡು ನೋಡಿದ್ದೇನೆ ಸಾರ್ ಎಂದ. ಡೆಲ್ಮರ್ ಅಲ್ಲಿಯೇ ಒಂದು ಕ್ಲಿಪ್ಪಿನ ಮೇಲೆ ಅವನ ಹೆಸರು ಬರೆದರು. ಆಟದ ನಡುವಿನ ವಿರಾಮದಲ್ಲಿ ಅವನು ಜೆರ್ಸಿಯಲ್ಲಿಯೇ ಹೋಗಿ ಟ್ಯೂಬಾ ಊದಿ ಬರಬಹುದು ಎಂದು ಬ್ಯಾಂಡಿನ ಮೇಷ್ಟರ ಜೊತೆ ಒಪ್ಪಂದವಾಯಿತು. ಕಹಳೆಯವನು ಕಾಳಗಕ್ಕೆ ಇಳಿದ.

ಇತ್ತ ಆರ್ಡಿತ್ ಬೆಲ್ಟಿಗೆ ಪ್ರಾಯಶ್ಚಿತ್ತ ಮಾಡುತ್ತಿದ್ದಳು. ಹೊಸದು ಕೊಳ್ಳಲು ಡೆಲ್ಮರ್ ಒಪ್ಪಲಿಲ್ಲ. ಅದು ಅವರ ಅಪ್ಪನ ಬೆಲ್ಟು. ಆಕೆ ಕುದುರೆ ಜೀನಿಗೆ ಹಾಕುವ ಮೇಣದ ದಾರದಲ್ಲಿ ಎರಡು ಸುತ್ತು ಹೊಲಿದು ಕೊಟ್ಟಳು. "ಪ್ರಾಣ ಹೋದ್ರೂ ಇದು ಹೋಗಲ್ಲ," ಅಂದಳು. ಡೆಲ್ಮರ್ ಹೆಂಡತಿ ಲಾವೋನ್ ಮಾತ್ರ ಯಾವ ಹೊಲಿಗೆಯನ್ನೂ ನಂಬುವವಳಲ್ಲ. ಇನ್ನೊಂದು ಸಲ ಪ್ಯಾಂಟು ಬಿದ್ದರೆ ಭಾನುವಾರ ಚರ್ಚಿನಲ್ಲಿ ಒಬ್ಬನೇ ಕೂತುಕೋ ಎಂದು ಗಂಡನಿಗೆ ಎಚ್ಚರಿಸಿದ್ದಳು. ಟ್ರೆಂಟ್ ಕೂಡ, ಇನ್ನು ಮೇಲೆ ಬೆಲ್ಟಿಗೆ ಕೈ ಹಾಕಬೇಡಿ, ಕೋಟಿನ ಬೆನ್ನು ಹಿಡಿದುಕೊಳ್ಳಿ ಎಂದು ಆರ್ಡಿತ್‌ಗೆ ಹೇಳಿದ.

ಕೊನೆಯ ಆಟದ ದಿನ ಗಾಳಿ ಚರ್ಮ ಸುಲಿಯುವಂತಿತ್ತು. ಎದುರಾಳಿ ಪಕ್ಕದ ಜಿಲ್ಲೆಯ ಕಾಲೇಜು. ಮೊದಲ ಅರ್ಧದಲ್ಲಿ ಡೆಲ್ಮರ್ ಎರಡು ಮುಷ್ಟಿಯನ್ನೇ ಎತ್ತಿದರು. ನಾಲ್ವರೂ ನುಗ್ಗಿದರು, ಓಟಿಸ್ ನುಗ್ಗುವ ಮುಂಚೆ ಯೋಚಿಸಿದ. ವಿರಾಮಕ್ಕೆ ಏಳು-ಮೂರು. ನಮ್ಮವರೇ ಹಿಂದೆ, ಆದರೂ ಈ ವರ್ಷದಲ್ಲಿ ಇಷ್ಟು ಚಿಕ್ಕ ಸೋಲನ್ನು ಊರು ಕಂಡಿರಲಿಲ್ಲ. ಓಟಿಸ್ ಹೋಗಿ ಟ್ಯೂಬಾ ಊದಿ ಬಂದ.

ವಿರಾಮ ಮುಗಿದು ಆಟ ಶುರುವಾದ ಕೂಡಲೇ ಡೆಲ್ಮರ್ ಗೆರೆಯ ಕಡೆಗೆ ಒಂದು ಜಿಗಿತ ಜಿಗಿದರು. ಆರ್ಡಿತ್ ಕೋಟು ಹಿಡಿದು ಒಂದೇ ಎಳೆತಕ್ಕೆ ವಾಪಸು ತಂದಳು. ಅಲ್ಲಿಂದ ಅವರು ಹೆಜ್ಜೆ ಕದಲಿಸಲಿಲ್ಲ. ಎಡಗೈಯನ್ನು ಕೋಟಿನೊಳಗೆ ಇಟ್ಟುಕೊಂಡು, ವಿಗ್ರಹದ ಹಾಗೆ ನಿಂತರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ತನ್ನ ಎಳೆತಕ್ಕೆ ಮನುಷ್ಯ ಬಗ್ಗಿದ ಎಂದು ಆರ್ಡಿತ್ ಒಳಗೊಳಗೇ ಹಿಗ್ಗಿದಳು. ಆಮೇಲೆ ಅವರ ಬಲಗೈ ಮೇಲೆದ್ದಿತು. ಒಂದೇ ಮುಷ್ಟಿ.

ಮೈದಾನದಲ್ಲಿ ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಕಲಿತ ಹಾಗೆಯೇ ಮಾಡಿದರು. ಮೂವರು ನುಗ್ಗಿದರು, ಓಟಿಸ್ ಹಿಂದೆ ಸರಿದು ಮೈದಾನದ ನಡುವೆ ಕಟ್ಟಡದ ಹಾಗೆ ನಿಂತ. ಎದುರಾಳಿಯ ಎಸೆತಗಾರ ಅಲ್ಲಿ ಖಾಲಿ ಜಾಗವಿರುತ್ತದೆ ಎಂದು ವಾರವೆಲ್ಲ ವಿಡಿಯೊ ನೋಡಿ ಬಂದಿದ್ದ. ಎಸೆದ ಚೆಂಡುಗಳೆಲ್ಲ ಯಾರಿಗೂ ಸಿಗದೆ ನೆಲಕ್ಕೆ ಬಿದ್ದವು. ಡೆಲ್ಮರ್ ಮತ್ತೆ ಮತ್ತೆ ಒಂದೇ ಕೈ ಎತ್ತಿದರು. ಆಟ ಮುಗಿಯಲು ಆರು ನಿಮಿಷ ಇರುವಾಗ ಒಂದು ಚೆಂಡು ನೇರವಾಗಿ ಓಟಿಸ್ ಎದೆಗೆ ಬಂತು. ಅವನು ಟ್ಯೂಬಾ ತಬ್ಬುವ ಹಾಗೆ ಅದನ್ನು ತಬ್ಬಿದ, ಯೋಚಿಸಿದ, ಹಾಗೆಯೇ ಅದರ ಮೇಲೆ ಮಲಗಿದ. ಚೆಂಡು ನಮ್ಮದಾಯಿತು. ಆ ಸಲ ನಮ್ಮವರು ಏಳು ಅಂಕ ಗಳಿಸಿದರು. ಕೊನೆಗೆ ಹತ್ತು-ಏಳು, ಈ ಸಲ ಹತ್ತು ನಮ್ಮದು. ನಾನೂರು ಜನ ನಾಲ್ಕು ಸಾವಿರದ ಗದ್ದಲ ಮಾಡಿದರು.

ಎಲ್ಲರೂ ಟ್ರೆಂಟ್‌ನನ್ನು ಹೆಗಲ ಮೇಲೆ ಎತ್ತುತ್ತಿದ್ದಾಗ ಡೆಲ್ಮರ್ ಸಣ್ಣ ಸಣ್ಣ ಹೆಜ್ಜೆ ಹಾಕುತ್ತ ಮುಂಸಾಲಿನ ನಡುವೆ ಒಂಟಿಯಾಗಿ ಆಡಿದ ಹುಡುಗನ ಹತ್ತಿರ ಹೋದರು. ಅವನ ಕುತ್ತಿಗೆ, ಭುಜ, ಬೆರಳು, ಒಂದೊಂದನ್ನೂ ಬಲಗೈಯಲ್ಲಿಯೇ ಮುಟ್ಟಿ ನೋಡಿದರು. ಅಮ್ಮನಿಗೆ ತಾವೇ ಫೋನ್ ಮಾಡಿ ಚೆನ್ನಾಗಿದ್ದಾನೆ ಎಂದು ಹೇಳಿದ ಮೇಲೆಯೇ ಮುಖದಲ್ಲಿ ನಗು ಕಂಡಿತು. ದೂರದಿಂದ ನೋಡುತ್ತಿದ್ದ ಆರ್ಡಿತ್‌ಗೆ ಕಣ್ಣು ತುಂಬಿತು. ಒಂದು ಪಟ್ಟು ಬಿಡಲು ಆ ಮನುಷ್ಯನಿಗೆ ಒಳಗೆ ಎಷ್ಟು ಹಿಂಸೆಯಾಗಿರಬೇಕು ಎಂದುಕೊಂಡಳು.

ಸಂಜೆ ಊಟದ ಮನೆಯಲ್ಲಿ ಪದ್ಧತಿಯಂತೆ ಬೀನ್ಸು-ಮಾಂಸ ಹಾಕಿ ಬೇಯಿಸಿದ ಚಿಲ್ಲಿ ಎಂಬ ಖಾರದ ಸಾರು, ಅದರಲ್ಲಿ ಅದ್ದಿ ತಿನ್ನಲು ಸಕ್ಕರೆ ಸುರಿದ ದಾಲ್ಚಿನ್ನಿ ಬನ್ನು. ಒಲೆಗಳ ಸೆಕೆಗೆ ಎಲ್ಲರೂ ಕೋಟು ಕಳಚಿ ಕುರ್ಚಿಗೆ ಹಾಕಿದ್ದರು, ಡೆಲ್ಮರ್ ಒಬ್ಬರನ್ನು ಬಿಟ್ಟು. ಆಡಳಿತ ಮಂಡಳಿಯವರೂ ಒಂದು ಮೇಜಿನಲ್ಲಿದ್ದರು. ಟ್ರೆಂಟ್ ಎದ್ದು ನಿಂತು, ಮುಂದಿನ ವರ್ಷವೂ ನಮ್ಮ ರಕ್ಷಣೆ ಡೆಲ್ಮರ್ ಕ್ರೌಸ್ ಅವರದೇ ಎಂದ. ಚಪ್ಪಾಳೆ ಬಿತ್ತು. ವಯಸ್ಸಾದ ಮೇಲೂ ಮನಸ್ಸು ಬದಲಿಸಿಕೊಳ್ಳುವ ಧೈರ್ಯ ಎಷ್ಟು ಜನಕ್ಕಿದೆ ಎಂದು ಇನ್ನೊಂದಿಷ್ಟು ಹೊಗಳಿದ.

"ಇಪ್ಪತ್ತಾರು ವರ್ಷ ಬಿಡದೇ ಇದ್ದದ್ದನ್ನ ಇವತ್ತು ಬಿಟ್ರಲ್ಲ ಕೋಚ್, ಅವರ ಆಟದಲ್ಲಿ ಅಂಥದ್ದು ಏನು ಕಂಡ್ರಿ?" ಎಂದು ಕೊನೆಗೆ ಕೇಳಿದ.

ಓಟಿಸ್ ಬನ್ನು ಅಗಿಯುವುದನ್ನು ನಿಲ್ಲಿಸಿದ. ಮಂಡಳಿಯವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಡೆಲ್ಮರ್ ಚಮಚ ಕೆಳಗಿಟ್ಟು, ಮೊದಲು ಆರ್ಡಿತ್‌ಳ ಕಡೆಗೆ, ಬೇಜಾರು ಮಾಡಿಕೊಳ್ಳಬೇಡ ಎನ್ನುವಂತೆ ನೋಡಿದರು.

"ಏನೂ ಕಾಣ್ಲಿಲ್ಲಪ್ಪ. ಬೆಲ್ಟು ಕಿತ್ತೋಯ್ತು. ಒಂದು ಕೈ ಪ್ಯಾಂಟಿಗೆ ಬೇಕಾಗಿತ್ತು."