ಪಿತ್ತಾಳೆ ತಟ್ಟೆಗೊಂದು ಟಿಕಳಿ

ಶರಣಬಸಮ್ಮನ ಮೂಗು ಯಾವತ್ತು ಸತ್ತಿತೋ ಅವಳಿಗೇ ಗೊತ್ತಿಲ್ಲ. ಗೊತ್ತಾದದ್ದು ಹಂಚಿನ ಮೇಲಿನ ರೊಟ್ಟಿ ಸುಟ್ಟ ದಿನ. ಒಲೆಗೆ ಬೆನ್ನು ಹಾಕಿ ಡಬ್ಬಿ ತುಂಬುತ್ತಿದ್ದಳು. ಭಿವಂಡಿಯ ಗೋದಾಮಿಗೆ ಹಮಾಲಿಗೆ ಹೊರಟಿದ್ದ ಗಂಡ ಜಟ್ಟೆಪ್ಪ ಬಾಗಿಲಿನಿಂದ ಓಡಿ ಬಂದ.

"ಏ ಶರಣಿ, ರೊಟ್ಟಿ ಕರಕಲಾಗ್ಲತ್ತದ, ವಾಸ್ನಿ ಬರಲ್ಲೇನು ನಿನಗ?"

ಬರಲಿಲ್ಲ. ಬೆಳ್ಳುಳ್ಳಿ ಜಜ್ಜಿ ಮೂಗಿಗೆ ಹಿಡಿದರೂ ಬರಲಿಲ್ಲ. ಕಲ್ಯಾಣದ ಡಾಕ್ಟರು ಅವಳ ಕೆಲಸ ಕೇಳಿ ತಲೆಯಾಡಿಸಿದರು. ಬಣ್ಣ ಕರಗಿಸುವ ಥಿನ್ನರಿನ ಸಹವಾಸ ಬಿಟ್ಟರೆ ಮೂಗು ಮೆಲ್ಲಗೆ ತಿರುಗಿ ಬಂದರೂ ಬಂದೀತು, ಬಿಡದಿದ್ದರೆ ಆಸೆ ಬಿಡು ಎಂದರು.

ಹೇಳುವವರಿಗೇನು, ಬಾಯಿ ಮಾತು! ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ, ಜಯಶೀಲ ಶೆಟ್ಟರ ಪ್ಲೇಟಿಂಗ್ ಕಾರ್ಖಾನೆಯಲ್ಲಿ ಹದಿನಾರು ವರ್ಷದಿಂದ ಅವಳ ಅನ್ನವೇ ಥಿನ್ನರ್. ಕರೆಂಟಿನ ದೊಡ್ಡ ಸ್ವಿಚ್ಚುಗಳಿಗೆ ಹೋಗುವ ಪಿತ್ತಾಳೆ ತಟ್ಟೆಗಳು ಅಲ್ಲಿಗೆ ಬರುತ್ತವೆ. ತೊಟ್ಟಿಯಲ್ಲಿ ಮುಳುಗಿಸಿದಾಗ ಮೈಯೆಲ್ಲ ನಿಕ್ಕಲ್ ಹತ್ತಬೇಕು, ನಡುವಿನ ರೂಪಾಯಿಯಗಲ ಜಾಗಕ್ಕೆ ಮಾತ್ರ ಹತ್ತಬಾರದು. ಆ ಜಾಗ ಮುಚ್ಚಲು ಬ್ರಶ್ಶಿನಿಂದ ಥಿನ್ನರ್ ಬೆರೆಸಿದ ಲ್ಯಾಕರ್ ಬಣ್ಣ ಬಳಿಯಬೇಕು, ತೊಟ್ಟಿಯಿಂದ ಬಂದ ಮೇಲೆ ಥಿನ್ನರಿನ ಬಟ್ಟೆಯಿಂದ ತಿಕ್ಕಿ ತೆಗೆಯಬೇಕು. ಬಳಿಯುವಾಗಲೂ ಅದೇ ಗಾಳಿ, ತಿಕ್ಕುವಾಗಲೂ ಅದೇ ಗಾಳಿ. ಸಂಜೆ ಲೋಕಲ್ ರೈಲಿನಲ್ಲಿ ಪಕ್ಕದ ಹೆಂಗಸರು ಸೆರಗು ಮೂಗಿಗೆ ಒತ್ತಿಕೊಳ್ಳುತ್ತಿದ್ದರು. ನಲವತ್ತಾರರ ಹೆಂಗಸಿಗೆ ಇನ್ನೆಲ್ಲಿ ಕೆಲಸ? ಬಿಟ್ಟರೆ ಹೊಟ್ಟೆ, ಬಿಡದಿದ್ದರೆ ಮೂಗು.

ಶೆಟ್ಟರು ಕೆಟ್ಟವರಲ್ಲ, ಜುಗ್ಗರು ಅಷ್ಟೆ. ಅವಳ ಗೋಳು ಕೇಳಿ ಮೇಣ ಕಾಯಿಸಿ ಹಚ್ಚಿಸಿ ನೋಡಿದರು, ಜಿಡ್ಡು ಬಿಡಲಿಲ್ಲ. ನೀರಿನಲ್ಲಿ ಕಲಸುವ ಬಣ್ಣ ತರಿಸಿದರು, ಮಳೆಗಾಲದಲ್ಲಿ ಅದು ಮಧ್ಯಾಹ್ನವಾದರೂ ಒಣಗಲಿಲ್ಲ. ಅಳತೆ ಕೊಟ್ಟು ಮಾಡಿಸುವ ರಬ್ಬರ್ ಮುಚ್ಚಳದ ಬೆಲೆ ಕೇಳಿ ಕುಳಿತೇಬಿಟ್ಟರು.

"ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ ಮಾರಾಯ್ತಿ! ಬ್ರಶ್ಶೇ ಇರ್ಲಿ."

ಯಾರ ಮುಂದೆ ಮೂಗಿನ ಗಾದೆ ಹೇಳುತ್ತಿದ್ದೇನೆಂಬುದು ಆ ಮಹಾನುಭಾವರಿಗೆ ಹೊಳೆಯಲೇ ಇಲ್ಲ.

ಅವತ್ತು ಅವಳಿಗೆ ಸಾಕುಸಾಕಾಗಿತ್ತು. ಬ್ರಶ್ ಎತ್ತಲು ಕೈ ಬರಲಿಲ್ಲ. ಹಣೆಯ ಬೆವರೊರೆಸಲು ಹೋದವಳು ಅಲ್ಲಿದ್ದ ದೊಡ್ಡ ಕೆಂಪು ಟಿಕಳಿಯನ್ನು ಕಿತ್ತು ತಟ್ಟೆಯ ನಡುವೆ ಅಂಟಿಸಿಬಿಟ್ಟಳು. ಪಕ್ಕದಲ್ಲಿ ಬಳಿಯುತ್ತಿದ್ದ ಸುಲೋಚನಾ ಚೀರಿದಳು.

"ಅಯ್ಯ ನಿನ್ನ! ಗಂಡ ಗುಂಡಕಲ್ಲಿನಂಗ ಅದಾನ, ಹಣಿ ಬರಿದು ಮಾಡ್ಕೋತಿ?"

"ಅವರಿಗೇನಾಗಲ್ಲ ಬಿಡ. ಇನ್ನೊಂದು ಹಚ್ಕೋತೀನಿ."

ತಟ್ಟೆ ತೊಟ್ಟಿಯಿಂದ ಕೆಟ್ಟೇ ಬಂತು. ಟಿಕಳಿಯ ಮಖಮಲ್ಲು ನೆನೆದು ಉಬ್ಬಿ, ಅಡಿಗೆ ನಿಕ್ಕಲ್ ನುಗ್ಗಿತ್ತು. ಶೆಟ್ಟರು ಕೆಂಡವಾದರು.

"ಇದೆಂತ ಇದು, ತಟ್ಟೆಗೆ ಮದುವೆಯಾ?"

ಆದರೆ ಒಂದು ಮಗ್ಗುಲಲ್ಲಿ ಅಂಚು ಚೊಕ್ಕವಾಗಿತ್ತು. ಬ್ರಶ್ಶಿನಿಂದ ಯಾವತ್ತೂ ಅಷ್ಟು ದುಂಡಗೆ ಬಂದಿರಲಿಲ್ಲ. ಶರಣಬಸಮ್ಮ ಅಲ್ಲಿ ಬೆರಳಿಟ್ಟಳು.

"ಮಖಮಲ್ ಬಟ್ಟಿ ನೀರು ಕುಡದದ ಶೇಟ್ರ. ನೀರು ಕುಡಿಲಾರದ ಟಿಕಳಿ ತಂದುಕೊಡ್ರಿ. ಬ್ರಶ್ ಹೋತು ಅಂತ ನಮ್ಮನ್ನ ಮನಿಗಿ ಕಳಸಬ್ಯಾಡ್ರಿ, ಅಂಟಿಸಲಿಕ್ಕೂ ಕೈ ಬೇಕು."

ಶೆಟ್ಟರು ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ನಾಲ್ಕನೇ ದಿನ ತೊಟ್ಟಿಯ ಬಿಸಿಗೂ ಆಮ್ಲಕ್ಕೂ ಜಗ್ಗದ ಹಸಿರು ಟೇಪಿನ ಸುರುಳಿ, ದುಂಡಗೆ ಕತ್ತರಿಸುವ ಒಂದು ಪಂಚು ಬಂದವು. ಅಂಟಿಸುವುದು ಸಸಾರವಲ್ಲ. ಅಂಚಿನಲ್ಲಿ ಒಂದು ಗುಳ್ಳೆ ಉಳಿದರೂ ತಟ್ಟೆ ಹಾಳು. ಶರಣಬಸಮ್ಮ ಹೆಬ್ಬೆರಳಿನ ಉಗುರನ್ನು ಸುತ್ತಲೂ ಒತ್ತಿ ಎಳೆಯುವುದನ್ನು ಉಳಿದವರಿಗೆ ಕಲಿಸಿದಳು. ಯಾರೂ ಮನೆಗೆ ಹೋಗಲಿಲ್ಲ. ಶ್ರಾವಣದಲ್ಲಿ ಥಿನ್ನರಿನ ಡ್ರಮ್ಮು ಹೊರಗೆ ಹೋಯಿತು.

"ಹುಶ್ಶಪ್ಪಾ! ಈಗ ನೋಡು ಉಸುರು ಆಡ್ಲತ್ತದ," ಎಂದಳು ಸುಲೋಚನಾ. ಎಲ್ಲರೂ ಮೂಗರಳಿಸಿ ನಕ್ಕರು.

"ವಾಸ್ನಿ ಹೋತೇನ?" ಎಂದು ಶರಣಬಸಮ್ಮ ಕೇಳಿ ತಿಳಿದುಕೊಳ್ಳಬೇಕಾಯಿತು. ಆಗ ಅವಳಿಗಾದ ಸಂಕಟ ಅಷ್ಟಿಷ್ಟಲ್ಲ.

ಆಮೇಲೆ ದಿನಾ ಬೆಳಿಗ್ಗೆ ಪರೀಕ್ಷೆ. ಬೆಳ್ಳುಳ್ಳಿ, ಕರ್ಪೂರ, ಊದುಬತ್ತಿ. ಏನೂ ಇಲ್ಲ. ಗಣಪತಿ ಹೋದ, ದಸರೆ ಹೋಯಿತು. ಕೊನೆಗೆ ಮೂಸುವುದನ್ನೇ ಬಿಟ್ಟಳು. ಎಷ್ಟಂತ ಕಾಯುವುದು ಮನುಷ್ಯರು?

ದೀಪಾವಳಿಗೆ ಅಟ್ಟ ಸ್ವಚ್ಛ ಮಾಡುವಾಗ ಪ್ಲಾಸ್ಟಿಕ್ ಚೀಲವೊಂದು ಸಿಕ್ಕಿತು. ಡ್ರಮ್ಮು ಹೋದ ದಿನ ಉಟ್ಟಿದ್ದ ಸೀರೆ, ಒಗೆಯದೆ ಗಂಟು ಕಟ್ಟಿ ಎಸೆದದ್ದು. ಗಂಟು ಬಿಚ್ಚಿದಳು. ಮೂಗಿನೊಳಗೆ ಏನೋ ಚುರ್ರೆಂದಿತು.

ಥಿನ್ನರ್!

ಸೀರೆಯನ್ನು ಪೂರಾ ಬಿಡಿಸಿ ಹರವಿದಳು. ಜಟ್ಟೆಪ್ಪ ಮೂಗು ಮುಚ್ಚಿಕೊಂಡ.

"ಥೂ, ಹೊರಗ ಒಗಿ ಅದನ್ನ! ನಾರ್ಲತ್ತದ."

"ಖರೇ ನಾರ್ಲತ್ತದಲ್ಲರೀ? ನಿಮಗೂ?"

ಜಟ್ಟೆಪ್ಪ ಕೈ ಚಾಚಿದ. ಅವಳು ಸೀರೆ ಕೊಡಲಿಲ್ಲ. ಮುಖಕ್ಕೊತ್ತಿಕೊಂಡು ಅಳುತ್ತಲೇ ಹೇಳಿದಳು.

"ತಡೀರಿ, ಇನ್ನೊಂದ್ಸಲ ನೋಡ್ತೀನಿ."