ಇವತ್ತಿನ ನೋವು ಯಾರಿಗೆ

ನಂಜನಗೂಡಿನ ನಮ್ಮ ಮನೆಯ ಹಿತ್ತಲಲ್ಲಿ ಒಂದು ಕೋಣೆ ಮತ್ತು ಅಡುಗೆಮನೆಯಷ್ಟೇ ಇದ್ದ ಸಣ್ಣ ಬಿಡಾರವಿತ್ತು. ತೊಂಬತ್ತರ ದಶಕದ ನಡುವಿನಲ್ಲಿ ಅಲ್ಲಿಗೆ ಬಾಡಿಗೆಗೆ ಬಂದವರು ಒಬ್ಬ ಕ್ರೈಸ್ತ ವಿಧವೆ. ಹತ್ತಿರದ ತಾಂಡ್ಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಅವರದು. ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಬಂದ ಒಂದೆರಡು ವರ್ಷದಲ್ಲೇ ಅವರ ಬೆರಳ ಗೆಣ್ಣುಗಳು ಊದಿಕೊಂಡು, ಬೆರಳುಗಳೆಲ್ಲ ಒಂದೇ ಕಡೆಗೆ ವಾಲಿದವು. ಸಂಧಿವಾತ ಎಂದರು ಡಾಕ್ಟರು. ಕೆಲಸ ಬಿಡಬೇಕಾಯಿತು. ಟಿ. ನರಸೀಪುರದಲ್ಲಿದ್ದ ಅವರ ತಂಗಿ ಆಗಾಗ ಬಂದು ನೋಡಿಕೊಂಡು ಹೋಗುತ್ತಿದ್ದಳು.

ಬೆಳಿಗ್ಗೆ ಆ ಬೆರಳುಗಳು ಬಿಚ್ಚಿಕೊಳ್ಳಲು ಬಹಳ ಹೊತ್ತು ಬೇಕಾಗುತ್ತಿತ್ತು. ಅಕ್ಕ ಬಿಸಿನೀರಿನ ಪಾತ್ರೆಯಲ್ಲಿ ಕೈ ಅದ್ದಿಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಅದೇ ಹೊತ್ತಿಗೆ ಅಮ್ಮ ನಲ್ಲಿಗೆ ಬಿಂದಿಗೆ ಇಡಲು ಬರುತ್ತಿದ್ದರು.

"ಇವತ್ತಿಂದು ಯಾರಿಗಕ್ಕಾ?"

"ಇನ್ನೂ ಯಾರಿಗೂ ಕೊಟ್ಟಿಲ್ಲ ಕಣವ್ವ. ನಿಮ್ಗೇನಾರ ಬೇಕಾ?"

"ನನ್ ತಂಗಿಗೆ ದಿನ ತುಂಬ್ಯದೆ. ಅವಳಿಗೆ ಕೊಟ್ಬುಡಿ."

"ಆಯ್ತು, ಅವಳಿಗೇ."

ಹಾಲಿನವನಿಗೆ ನಾಳೆ ಅರ್ಧ ಲೀಟರ್ ಜಾಸ್ತಿ ಹಾಕು ಎಂದಷ್ಟೇ ಸಲೀಸಾಗಿ ಈ ಮಾತು ನಡೆಯುತ್ತಿತ್ತು. ಇಲ್ಲಿ ಕೊಡುತ್ತಿದ್ದದ್ದು ನೋವನ್ನು. ತಮ್ಮ ನೋವನ್ನು ಶಿಲುಬೆಯ ಮೇಲಿನ ಯೇಸುವಿನ ನೋವಿನ ಜೊತೆ ಸೇರಿಸಿ ಇನ್ನೊಬ್ಬರ ಒಳಿತಿಗೆಂದು ಒಪ್ಪಿಸುವುದು ಅವರ ಚರ್ಚಿನವರಲ್ಲಿ ಹಳೆಯ ರೂಢಿಯಂತೆ. ಅಕ್ಕ ದಿನಕ್ಕೊಬ್ಬರ ಹೆಸರು ಹೇಳಿ ಒಪ್ಪಿಸುತ್ತಿದ್ದರು.

ಆಗ ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ ಬಂದಿದ್ದೆ. ಯಾವ ನಂಬಿಕೆ ಕಂಡರೂ ಅದರ ತೊಗಟೆ ಕೀಳುವ ಹುರುಪು. ಒಂದು ಬೆಳಿಗ್ಗೆ ಕೇಳಿಯೇಬಿಟ್ಟೆ.

"ಒಪ್ಪಿಸಿದರೆ ನೋವು ಕಮ್ಮಿ ಆಗುತ್ತಾ ಅಕ್ಕ?"

"ಎಲ್ಲಿ ಆದದು? ಒಂಚೂರೂ ಆಗಕಿಲ್ಲ."

"ಮತ್ತೆ ಏನು ಪ್ರಯೋಜನ?"

"ಸುಮ್ ಸುಮ್ನೆ ನೋಯಕಿಲ್ಲ, ಅಷ್ಟೇಯ. ಎಂಗೂ ನೋಯ್ತದೆ. ಯಾರಿಗಾರ ಆಗ್ಲಿ ಅಂತ ನೊಂದ್ರೆ ಏನ್ ನಷ್ಟ? ನಿಮ್ ಬುಕ್ಕಲ್ಲಿ ಬೇರೆ ಏನಾರ ಬರ್ದಿದ್ರೆ ಏಳಿ, ಅದ್ನೂ ಮಾಡ್ತೀನಿ."

ನನ್ನ ಬಳಿ ಉತ್ತರ ಸಿದ್ಧವಿತ್ತು. ಮನಸ್ಸು ತನ್ನನ್ನು ತಾನೇ ಸಂತೈಸಿಕೊಳ್ಳುವ ಬಗೆ ಇದು ಎಂದು ವಿವರಿಸಬಹುದಿತ್ತು. ಆ ವಿವರಣೆ ಇಂದಿಗೂ ತಪ್ಪೆಂದು ನನಗೆ ಅನಿಸಿಲ್ಲ. ಆದರೆ ಹಾಗೆ ಸಂತೈಸಿಕೊಳ್ಳಲು ಎಷ್ಟು ಗಟ್ಟಿ ಜೀವ ಬೇಕೆಂಬುದು ನನ್ನ ವಿವರಣೆಯಲ್ಲಿ ಎಲ್ಲೂ ಇರಲಿಲ್ಲ.

ಆ ವರ್ಷವೋ ಮರುವರ್ಷವೋ, ಅಪ್ಪನಿಗೆ ಲಕ್ವ ಹೊಡೆಯಿತು. ಬಾಳೆಕಾಯಿ ಮಂಡಿ ನಡೆಸುತ್ತಿದ್ದ, ದನಿಯೆತ್ತಿದರೆ ಬೀದಿಗೆಲ್ಲ ಕೇಳಿಸುತ್ತಿದ್ದ ಮನುಷ್ಯ. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಾಯಿ ಒಂದು ಕಡೆಗೆ ಎಳೆದಿತ್ತು, ಎಡಗೈ ಮಡಚಿಕೊಂಡು ಎದೆಗೆ ಅಂಟಿತ್ತು. ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆತನ. ಸ್ನಾನ ಮಾಡಿ, ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡ ಅಂಗೈ ಮೇಲಿಟ್ಟು ಪೂಜೆ ಮಾಡದೆ ಅಪ್ಪ ಒಂದು ತುತ್ತೂ ಮುಟ್ಟಿದವರಲ್ಲ. ಆಸ್ಪತ್ರೆಯಲ್ಲಿ ಮೂಗಿನ ನಳಿಕೆಯಲ್ಲಿ ಹಾಕಿದ್ದನ್ನು ಅವರು ತಡೆಯಲಾಗಿರಲಿಲ್ಲ. ಮನೆಗೆ ಬಂದ ಮೇಲೆ ನೀರು ಬಿಟ್ಟು ಏನನ್ನೂ ಒಲ್ಲೆ ಎಂದರು. ಅಂಗೈಯೇ ಬಿಚ್ಚದಿದ್ದ ಮೇಲೆ ಪೂಜೆ ಎಲ್ಲಿಂದ, ಊಟ ಎಲ್ಲಿಂದ?

"ನಾನು ಕೆಳಗೆ ಕೈ ಕೊಡ್ತೀನಿ, ಬನ್ನಿ" ಎಂದರು ಅಮ್ಮ.

"ಬಿದ್ರೆ? ಲಿಂಗ ನೆಲಕ್ ಬಿದ್ಮೇಲೆ ನಾನ್ ಇರ್ಬೇಕಾ? ಇನ್ನೊಬ್ರ್ ಕೈಮೇಲೆ ಪೂಜೆ ಮಾಡೋ ಗತಿ ಬಂದ್ರೆ, ಹಿಂಗೇ ಹೋಗ್ತೀನಿ ಬಿಡು."

ಎರಡು ಮೂರು ದಿನ ಕಳೆಯಿತು. ಅಪ್ಪನ ಕಣ್ಣು ಗುಳಿ ಬಿದ್ದವು. ನಾನು ಮೈಸೂರಿನಲ್ಲಿರುವಾಗಲೇ ನನ್ನ ಲಿಂಗವನ್ನು ತೆಗೆದು ಟ್ರಂಕಿನಲ್ಲಿಟ್ಟಿದ್ದವನು. ಅದು ಅಪ್ಪನಿಗೂ ಗೊತ್ತಿತ್ತು. ನಾನು ಯಾವ ಬಾಯಲ್ಲಿ ಪೂಜೆಯ ಮಾತಾಡಲಿ?

ಆಗ ಅಕ್ಕ ಬಂದರು. ನಡುಮನೆಗೆ ಎಂದೂ ಕಾಲಿಡದವರು ಅಂದು ನೇರ ಮಂಚದ ಬಳಿಗೇ ಬಂದು ನಿಂತರು. ಅಪ್ಪ ತೊದಲುತ್ತಲೇ ಚುಚ್ಚಿದರು.

"ಏನ್ ಅಮ್ಮಣ್ಣಿ, ನಿನ್ ನೋವ ನನಗೂ ಕೊಡಕ್ ಬಂದ್ಯಾ?"

"ನೀವು ಬಿದ್ದಾಗಿಂದ ನಿಮ್ಗೇ ಕೊಡ್ತಾವ್ನಿ ಯಜಮಾನ್ರೇ. ನೀವು ನೋಡುದ್ರೆ ಉಣ್ಣದೆ ಎಲ್ಲಾನೂ ದಂಡ ಮಾಡ್ತಿದ್ದೀರ."

ಅಪ್ಪನ ಮುಖದಲ್ಲಿ ಸಿಟ್ಟು ಬಂತೋ ನಗು ಬಂತೋ ಹೇಳಲಾಗದು. ಎಳೆದ ಬಾಯಿ ಎರಡಕ್ಕೂ ಒಂದೇ ಥರ ಇರುತ್ತಿತ್ತು. ಅಕ್ಕ ತಮ್ಮ ಎರಡೂ ಕೈ ಮುಂದೆ ಚಾಚಿದರು.

"ಈ ಕೈಲಿ ಜಪಸರ ಇಡ್ಯಕಾಯ್ತದಾ ಏಳಿ. ಒಂದು ಮಣಿ ಅಂದ್ರೆ ಮೂರು ಜಾರ್ತವೆ. ಅದ್ಕೆ ಬಾಯಲ್ಲಿ ನಾನ್ ಜಪ ಮಾಡ್ತೀನಿ, ಮಣಿ ಬೇರೆಯೋರು ಸರುಸ್ತಾರೆ."

"ಯಾರು?"

ಅಕ್ಕ ಅಮ್ಮನ ಕಡೆ ನೋಡಿದರು. ಅಮ್ಮ ಸೆರಗು ಸರಿಮಾಡಿಕೊಂಡರು. ಸಂಜೆ ಹೊತ್ತು ಅವರು ಹಿತ್ತಲಲ್ಲಿ ಏನು ಮಾಡುತ್ತಿದ್ದರೆಂದು ನಾವ್ಯಾರೂ ಕೇಳಿರಲಿಲ್ಲ.

"ಹೌದೇನೇ?" ಎಂದರು ಅಪ್ಪ.

"ಮಣಿ ತಾನೇ? ಅವ್ರು ಹೇಳೋದು ಅವ್ರಿಗೆ, ನಾನು ನಮ್ ಶಿವನ್ನ ನೆನ್ಕೊಂಡು ಸರಿಸ್ತೀನಿ."

ಅಕ್ಕ ಮುಂದುವರಿದರು. "ಶಿಲುಬೆ ಒರಕಾಗ್ದೆ ಬಿದ್ದಾಗ ನಮ್ ಯೇಸುಸ್ವಾಮೀನೇ ಬೇರೆಯೋನು ಎಗಲು ಕೊಡಕೆ ಬಂದ್ರೆ ಬ್ಯಾಡ ಅನ್ನಲಿಲ್ಲ. ಅವನ್ಯಾವನೋ ಒಲದಿಂದ ಬತ್ತಿದ್ದೋನು. ನೀವು ಸ್ವಾಮಿಗಿಂತ ದೊಡ್ಡೋರಾ?"

ಅಪ್ಪ ಗೋಡೆಗೆ ಮುಖ ತಿರುಗಿಸಿದರು. ಮರುದಿನ ಬೆಳಿಗ್ಗೆ ಸ್ನಾನಕ್ಕೆ ಬಿಸಿನೀರು ಕೇಳಿದರು. ನನ್ನ ನೆನಪಿನಲ್ಲಿ ಅಮ್ಮ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೆಳಗೆ ತಮ್ಮ ಅಂಗೈ ಒಡ್ಡಿದರು. ಅಪ್ಪ ನೋವಿಗೆ ಹಲ್ಲು ಕಚ್ಚಿದರು, ಆದರೆ ಕೈ ಎಳೆದುಕೊಳ್ಳಲಿಲ್ಲ. ಲಿಂಗ ನಿಂತಿತು. ಆಮೇಲೆ ರವೆ ಗಂಜಿ ಕುಡಿದರು.

ಮುಂದೆ ದಿನಾ ಕೈಗೆ ವ್ಯಾಯಾಮ ಮಾಡಿಸುವಾಗ ಅಪ್ಪ ಹಿತ್ತಲಿಗೆ ಕೇಳುವಂತೆ ಕೂಗುತ್ತಿದ್ದರು. "ಅಮ್ಮಣ್ಣೀ, ಇದು ನಿನ್ ಬೆರಳಿಗೆ!"

"ಬ್ಯಾಡ ಯಜಮಾನ್ರೇ! ನಿಮ್ಗೆ ನಾನು, ನನ್ಗೆ ನೀವು ಕೊಟ್ಕೊಂಡು ಕುಂತ್ರೆ ಊರ್ನೋರಿಗೇನ್ ಸಿಕ್ತದೆ?"

ಅಪ್ಪ ಇನ್ನೂ ಕೆಲವು ವರ್ಷ ಬದುಕಿದ್ದರು. ಅವರು ತೀರಿಕೊಂಡ ಮೇಲೆ ಅಕ್ಕ ನರಸೀಪುರದ ತಂಗಿಯ ಮನೆಗೆ ಹೊರಟುಹೋದರು. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಮ್ಮೆ ಬಸ್ಸು ಹಿಡಿದು ನೋಡಲು ಹೋದೆ. ಅಷ್ಟರಲ್ಲಿ ಅವರ ಮಂಡಿಗಳೂ ಹೋಗಿ ಕುರ್ಚಿಯಲ್ಲೇ ಇದ್ದರು. ಮಾತು ಆ ಬೆಳಿಗ್ಗೆಯ ಕಡೆ ತಿರುಗಿತು. ಅಮ್ಮ ಕೈ ಒಡ್ಡಿದ್ದನ್ನು ನಾನು ಹೇಳುತ್ತಿದ್ದಂತೆ ಅಕ್ಕ ತಡೆದರು.

"ಅವ್ವ ಎಲ್ಲಿ ಕೈ ಇಡುದ್ರು? ಅವ್ವ ಅಳ್ತಾ ನಿಂತಿದ್ರು. ಕೈ ಕೊಟ್ಟೋರು ನೀವು. ತಲೆ ಒರ್ಸ್ಕೊಳ್ದೆ ಬಂದಿದ್ರಿ, ನೀರು ಸೋರ್ತಿತ್ತು. ಬಾಗ್ಲಿಂದ ನಾನೇ ನೋಡ್ದೆ."

ಲಿಂಗ ಬಿಚ್ಚಿಟ್ಟ ಮಗನ ಕೈಯನ್ನು ಅಪ್ಪ ಒಪ್ಪಿದ್ದರೇ? ಅಪ್ಪನ ಅಂಗೈಯ ಭಾರ ನೆನಪಾಗುತ್ತದೆಯೇ ಎಂದು ಹುಡುಕಿದೆ. ಏನೂ ಸಿಗಲಿಲ್ಲ. ಅಮ್ಮನನ್ನು ಕೇಳಿದರೆ ಅವರದು ಮೂರನೆಯ ಕಥೆಯಾಗಬಹುದು. ಇದುವರೆಗೂ ಕೇಳಿಲ್ಲ.

"ಅವ್ವ ಎಂಗವ್ರೆ?" ಎಂದರು ಅಕ್ಕ.

"ಮಂಡಿನೋವು. ಮೆಟ್ಟಿಲು ಹತ್ತೋಕಾಗಲ್ಲ." ಆಮೇಲೆ ನಾನೇ ಕೇಳಿದೆ. "ಇವತ್ತಿನದು ಯಾರಿಗಾದರೂ ಕೊಟ್ಟಾಯ್ತಾ?"

ಅಕ್ಕ ನಕ್ಕರು. "ಓದ್ದೋರು, ನೀವ್ ಇದ್ನೆಲ್ಲ ನಂಬಕಿಲ್ಲವಲ್ಲ."

"ನಂಬಲ್ಲ. ಆದರೂ ಅಮ್ಮನ ಮಂಡಿಗೆ ಕೊಡಿ."