ಉಪ್ಪುನೀರಿನಲ್ಲಿ ತೇಲಿದ ಬಿತ್ತನೆ ಜೋಳ

ಮೊದಲೇ ಒಪ್ಪಿಬಿಡುತ್ತೇನೆ: ಉಪ್ಪು ಸುರಿದ ಕತ್ತೆ ನಾನೇ. ಊರಿನವರ ದನಿಯನ್ನೆಲ್ಲ ತೆಗೆಯಬಲ್ಲ ನನಗೆ ಒಂದು ಬಕೆಟ್ ನೀರಿನ ಹದ ತಿಳಿಯಲಿಲ್ಲ.

ಹಿಂಗಾರಿ ಬಿತ್ತನೆ ಹತ್ತಿರ ಬಂದಿತ್ತು. ಸೋಲಾಪುರದ ನಮ್ಮ ಬಟ್ಟೆ ಅಂಗಡಿಯಿಂದ ತಪ್ಪಿಸಿಕೊಂಡು ಭಂಡಾರಕವಠೆಗೆ, ಅಜ್ಜಿಯ ಮನೆಗೆ ಹೋಗಿದ್ದೆ. ಅವಳನ್ನು ನಾವು ಆಯಿ ಎನ್ನುತ್ತೇವೆ. ದುಧನಿಯಲ್ಲಿ ಕೇಳಿದ್ದ ಕೃಷಿ ಅಧಿಕಾರಿಯ ಭಾಷಣವನ್ನು ಅವರದೇ ಮೂಗಿನ ದನಿಯಲ್ಲಿ ಒಪ್ಪಿಸಿದೆ: "ಶೇತಕರೀ ಬಂಧೂ, ರೈತ ಬಾಂಧವರೇ! ಮೊಟ್ಟೆ ತೇಲುವಷ್ಟು ಉಪ್ಪನ್ನು ನೀರಿಗೆ ಹಾಕಿ. ಬೀಜ ಸುರಿಯಿರಿ. ತೇಲಿದ್ದು ಜೊಳ್ಳು, ಮುಳುಗಿದ್ದು ಗಟ್ಟಿ!"

"ಮಾಡಿ ತೋರಸಲೇ," ಎಂದ ಕಾಕಾ, ಆಯಿಯ ಕಿರಿಮಗ.

ಮೊಟ್ಟೆ ನಮ್ಮ ಹೊಸ್ತಿಲು ದಾಟುವಂತಿಲ್ಲ. ಹಾಗಾಗಿ ಎಲ್ಲಿ ನಿಲ್ಲಿಸಬೇಕೋ ತಿಳಿಯದೆ, ಉಪ್ಪು ಕರಗುವುದೇ ನಿಲ್ಲುವವರೆಗೆ ಸುರಿದು ಕಲಕಿದೆ. ಆಮೇಲೆ ಜೋಳ ಹಾಕಿದೆ. ಆಯಿ ಒಂದೊಂದೇ ತೆನೆ ಆರಿಸಿ, ಬೂದಿಯಲ್ಲಿ ಕಾದಿಟ್ಟ ಬೀಜ. ಮುಕ್ಕಾಲು ಪಾಲು ತೇಲಿತು.

"ನೋಡವ್ವಾ, ನಿನ್ನ ಬೀಜ ಬರೀ ಜೊಳ್ಳ. ದನಕ್ಕ ಹಾಕ್ತೀನಿ. ಪೇಟ್ಯಾಗಿಂದ ಪಾಕೀಟ ಬೀಜ ತರ್ತೀನಿ," ಎಂದ ಕಾಕಾ.

ಇವತ್ತಿಗೂ ನನ್ನ ಮೈ ಉರಿಯುತ್ತದೆ. ಹುಟ್ಟಿದಾಗಿನಿಂದ ಅದೇ ಬೀಜದ ರೊಟ್ಟಿ ತಿಂದು ಬೆಳೆದ ಮನುಷ್ಯ ತಾಯಿಯ ಕೈ ನಂಬಲಿಲ್ಲ, ನಕಲು ಮಾಡುವವನ ಬಕೆಟ್ ನಂಬಿದ! ನಾನಾದರೂ ತಪ್ಪು ಒಪ್ಪಿದೆನೇ? ದಿನವಿಡೀ ಕಂಡವರ ದನಿಯಲ್ಲಿ ಒದರುವ ಈ ಬಾಯಲ್ಲೇ ಹಲ್ಲು ಕಿರಿದು ನಿಂತೆ. ಆ ನಗುವಿಗೆ ಈಗಲೂ ಕಪಾಳಕ್ಕೆ ಹೊಡೆಯಬೇಕು ಅನಿಸುತ್ತದೆ.

ದನಕ್ಕೆಂದು ಕಾಕಾ ಬಳಿದುಕೊಂಡಿದ್ದ ಕಾಳಿನ ಬುಟ್ಟಿಯನ್ನು ಆಯಿ ಅವನ ಕೈಯಿಂದ ಕಸಿದುಕೊಂಡಳು. ತೇಲಿದ ಕಾಳನ್ನು ತೊಳೆದು, ಸಿಹಿನೀರಿನ ಪಾತೇಲಿಗೆ ಸುರಿದಳು. ಕಾಳು ಸರ್ರನೆ ತಳ ಸೇರಿತು. ಹುಳುಕು ಹಿಡಿದ ನಾಲ್ಕಾರು ಮಾತ್ರ ಮೇಲೆ ಉಳಿದವು.

"ಉಪ್ಪ ಸುರಿದು ನೀರ ಭಾರ ಮಾಡಿದ್ರ ಗಟ್ಟಿ ಕಾಳೂ ಮ್ಯಾಲ ಬರತೈತಿ. ಉಪ್ಪಿನಕಾಯಿ ಭರಣ್ಯಾಗ ಕಲ್ಲ ಯಾಕ ಹೇರ್ತೀನಿ ಅಂದ್ಕೊಂಡೀರಿ? ಚಂದಕ್ಕ?"

ಕಾಕಾ ಆದರೂ ಸೋಲಲಿಲ್ಲ. "ಏನರ ಅನ್ನವ್ವಾ, ತೇಲಿದ್ದಂತೂ ಖರೇ. ಪಾಕೀಟನ ಬರೋಬರಿ."

ಆಯಿ ನನ್ನ ಬಕೆಟ್ಟಿನತ್ತ ಬೆರಳು ತೋರಿಸಿದಳು.

"ಹಂಗಾರ ಇಂಥಾ ನೀರು ತೊಟ್ಟಿ ತುಂಬ ಮಾಡಸ್ತೀನಿ, ನೀನೂ ಇಳಿಯೋ. ತೇಲಿದಿ ಅಂದ್ರ ನಿನ್ನೂ ದನಕ್ಕ ಹಾಕ್ತೀನಿ."